ಕಲ್ಲು ಕೊಯ್ಯುವವನ ಆಯ್ಕೆ

ಫೋನಿನಲ್ಲಿ ‘ಯೂರಾಲಜಿಸ್ಟ್ ನಿಯರ್ ಮಿ’ ಅಂತ ಹುಡುಕಿ ನೋಡಿ. ಬೆಂಗಳೂರಿನಲ್ಲಿ ಕೂತಿದ್ದರೆ ಒಂದೇ ಏಟಿಗೆ ಹತ್ತಿಪ್ಪತ್ತು ಹೆಸರು ಬರುತ್ತವೆ. ಹೆಚ್ಚುಕಮ್ಮಿ ಎಲ್ಲರಿಗೂ ನಾಲ್ಕೂವರೆಯ ಮೇಲೇ ಸ್ಟಾರು. ಕೆಳಗೆ ಜನ ಬರೆದದ್ದು ಓದಿದರೆ ಡಾಕ್ಟರು ನಗ್ತಾ ಮಾತಾಡ್ತಾರೆ, ರಿಸೆಪ್ಷನ್ನಿನವರು ಸಿಡುಕ್ತಾರೆ, ಪಾರ್ಕಿಂಗ್ ಇಲ್ಲ, ಎರಡು ಗಂಟೆ ಕಾಯಿಸಿದರು. ನಿಮಗೆ ಬೇಕಾದ ಒಂದೇ ಒಂದು ವಿಷಯ ಅಲ್ಲಿರಲ್ಲ. ನನ್ನಂಥ ಎಷ್ಟು ಜನರಿಗೆ ಇವರು ಈ ಆಪರೇಷನ್ ಮಾಡಿದ್ದಾರೆ, ಅವರಲ್ಲಿ ಎಷ್ಟು ಜನ ಸರಿಹೋದರು?

ಈ ಪ್ರಶ್ನೆ ಕೇಳೋದನ್ನ ಮನುಷ್ಯ ಕಲಿತದ್ದು ಹೇಗೆ ಅನ್ನೋ ಚರಿತ್ರೆ ಓದೋಕೆ ಮೂತ್ರದ ಕಲ್ಲಿಗಿಂತ ಒಳ್ಳೇ ದಾರಿ ಇಲ್ಲ. ಕಾರಣ ಸರಳ. ಹಳೇ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ರೋಗಿಗೆ ಆಯ್ಕೆಯೇ ಇರುತ್ತಿರಲಿಲ್ಲ. ಯುದ್ಧದಲ್ಲಿ ಕಾಲು ಹೋದರೆ ಪಕ್ಕದಲ್ಲಿ ಯಾರಿದ್ದಾರೋ ಅವರೇ ಡಾಕ್ಟರು. ಮೂತ್ರಕೋಶದ ಕಲ್ಲು ಹಾಗಲ್ಲ. ಅದು ವರ್ಷಗಟ್ಟಲೆ ಕಾಡುತ್ತೆ. ಕೂರಕ್ಕಾಗಲ್ಲ, ಕುದುರೆ ಹತ್ತಕ್ಕಾಗಲ್ಲ, ಉಚ್ಚೆ ಹೊಯ್ಯುವಾಗ ಪ್ರಾಣ ಹೋದಂಗಾಗುತ್ತೆ, ಆದರೆ ಸಾವು ಮಾತ್ರ ನಿಧಾನ. ಯೋಚನೆ ಮಾಡೋಕೆ, ನಾಲ್ಕು ಜನರನ್ನ ವಿಚಾರಿಸೋಕೆ, ಹಿಂಜರಿಯೋಕೆ ಧಾರಾಳ ಸಮಯ ಸಿಗುತ್ತೆ.

ಮೊದಲಿಗೆ ವೈದ್ಯರೇ ಇದರಿಂದ ದೂರ ನಿಂತರು. ಹಿಪೊಕ್ರೆಟಿಸ್ ಹೆಸರಿನ ಗ್ರೀಕ್ ಪ್ರತಿಜ್ಞೆಯಲ್ಲಿ, ಕಲ್ಲಿನ ರೋಗಿಯನ್ನ ನಾನು ಕೊಯ್ಯಲ್ಲ, ಆ ಕಸುಬಿನವರಿಗೇ ಬಿಡ್ತೀನಿ ಅನ್ನೋ ಅರ್ಥದ ಮಾತಿದೆ. ಅಂದರೆ ಆ ಕಾಲಕ್ಕಾಗಲೇ ಕಲ್ಲು ಕೊಯ್ಯೋದನ್ನೇ ಕಸುಬು ಮಾಡಿಕೊಂಡವರು ಬೇರೆ ಇದ್ದರು ಅಂತಾಯ್ತು. ನಮ್ಮ ಸುಶ್ರುತ ಸಂಹಿತೆ ದೂರ ನಿಲ್ಲೋದಿಲ್ಲ. ಅದರ ಚಿಕಿತ್ಸಾಸ್ಥಾನದಲ್ಲಿ ಅಶ್ಮರಿಗೆ ಒಂದು ಅಧ್ಯಾಯವೇ ಇದೆ. ತುಪ್ಪ, ಕಷಾಯ, ಕ್ಷಾರ ಎಲ್ಲ ಕೊಟ್ಟು ನೋಡು, ಬಗ್ಗದಿದ್ದರೆ ಕೊಯ್ಯಿ ಅನ್ನುತ್ತೆ. ಅದಕ್ಕಿಂತ ಮುಂಚೆ ಒಂದು ಎಚ್ಚರಿಕೆ: ಕೊಯ್ಯದಿದ್ದರೆ ಸಾವು ಖಚಿತ, ಕೊಯ್ದರೆ ಫಲ ಸಂದೇಹ, ಆದ್ದರಿಂದ ಒಡೆಯನನ್ನ ಕೇಳಿಯೇ ಕೈಹಾಕು. ಇವತ್ತು ಆಸ್ಪತ್ರೆಯಲ್ಲಿ ಓದದೇ ಸಹಿ ಹಾಕ್ತೀವಲ್ಲ ಕನ್ಸೆಂಟ್ ಫಾರ್ಮು, ಅದರ ಮುತ್ತಜ್ಜ ಇದು. ವ್ಯತ್ಯಾಸ ಏನಂದ್ರೆ ಅಲ್ಲಿ ಒಪ್ಪಿಗೆ ಕೊಡ್ತಿದ್ದದ್ದು ದೊರೆ, ರೋಗಿ ಅಲ್ಲ.

ಆಪರೇಷನ್ ಹೇಗಿತ್ತು ಅಂತ ಒಂದು ಸಲ ಕಣ್ಮುಂದೆ ತಂದುಕೊಳ್ಳಿ. ಅರಿವಳಿಕೆ ಬಂದದ್ದೇ 1846ರಲ್ಲಿ. ಅಲ್ಲೀವರೆಗೆ ರೋಗಿ ಪೂರ್ತಿ ಎಚ್ಚರ. ಅವನನ್ನ ಮೇಜಿನ ಮೇಲೆ ಅಂಗಾತ ಮಲಗಿಸಿ, ಮೊಣಕಾಲು ಮಡಚಿ ಅಗಲಿಸಿ ಕಟ್ಟಿ, ಗಟ್ಟಿಮುಟ್ಟಾದ ನಾಲ್ಕು ಜನ ಹಿಡಿದುಕೊಳ್ಳೋರು. ಗುದಕ್ಕೂ ವೃಷಣಕ್ಕೂ ನಡುವಿನ ಜಾಗದಲ್ಲಿ ಕೊಯ್ದು, ಮೂತ್ರಕೋಶದವರೆಗೆ ದಾರಿ ಮಾಡಿ, ಇಕ್ಕಳ ಹಾಕಿ ಕಲ್ಲು ಎಳೆಯೋದು. ಇದರ ಹೆಸರು ಲಿಥಾಟಮಿ. ಹೆರಿಗೆ ಕೋಣೆಯಲ್ಲಿ ನಮ್ಮ ಹೆಣ್ಣುಮಕ್ಕಳನ್ನ ಮಲಗಿಸೋ ಭಂಗಿಗೆ ಡಾಕ್ಟರುಗಳು ಇವತ್ತಿಗೂ ‘ಲಿಥಾಟಮಿ ಪೊಸಿಷನ್’ ಅಂತಲೇ ಅನ್ನೋದು. ಕಲ್ಲು ಕೊಯ್ಯೋರು ಬಿಟ್ಟುಹೋದ ಹೆಸರು ಅದು.

ಇಂಥದ್ದಕ್ಕೆ ಯಾರ ಕೈಗೆ ಮೈ ಕೊಡೋದು? ಆಮ್‌ಸ್ಟರ್‌ಡ್ಯಾಮಿನ ಕಮ್ಮಾರ ಯಾನ್ ಡ ಡೋಟ್‌ಗೆ ಆಗಲೇ ಎರಡು ಸಲ ಕೊಯ್ಸಿಕೊಂಡು ಸಾಕಾಗಿತ್ತು. 1651ರಲ್ಲಿ ಮೂರನೇ ಸಲ ಕಲ್ಲು ಕಾಣಿಸಿಕೊಂಡಾಗ ಅವನು ಯಾರನ್ನೂ ನಂಬಲಿಲ್ಲ. ಹೆಂಡತಿಯನ್ನ ಏನೋ ನೆಪ ಹೇಳಿ ಮೀನು ತರೋಕೆ ಅಟ್ಟಿ, ತಾನೇ ಮಾಡಿಕೊಂಡ ಚಾಕುವಿನಿಂದ ತನ್ನನ್ನ ತಾನೇ ಕೊಯ್ದುಕೊಂಡು, ಕೋಳಿಮೊಟ್ಟೆಗಿಂತ ದಪ್ಪದ ಕಲ್ಲನ್ನ ಹೊರಗೆ ತೆಗೆದ. ಬದುಕಿದ ಕೂಡ. ಈ ಪ್ರಸಂಗವನ್ನ ಅಲ್ಲಿನ ಹೆಸರಾಂತ ವೈದ್ಯ ನಿಕೊಲಾಸ್ ತುಲ್ಪ್ ಬರೆದಿಟ್ಟಿದ್ದಾನೆ. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಕಲ್ಲು ಹಿಡಿದು ನಿಂತ ಯಾನ್ ಡ ಡೋಟ್‌ನ ಚಿತ್ರಪಟವೂ ಇದೆ. ದಯವಿಟ್ಟು ಮನೇಲಿ ಪ್ರಯತ್ನಿಸಬೇಡಿ.

ಅದೇ ಕಾಲದ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಇದ್ದ. ಮುಂದೆ ತನ್ನ ದಿನಚರಿಯಿಂದ ಲೋಕಪ್ರಸಿದ್ಧನಾದವನು. ಇಪ್ಪತ್ತೈದು ವಯಸ್ಸು, ಸಣ್ಣ ನೌಕರಿ, ಚಿಕ್ಕಂದಿನಿಂದ ಕಲ್ಲಿನ ನೋವು. ಅವನು ಆರಿಸಿಕೊಂಡದ್ದು ಥಾಮಸ್ ಹಾಲಿಯರ್ ಅನ್ನೋ ಶಸ್ತ್ರವೈದ್ಯನನ್ನ, ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಕಲ್ಲಿನ ರೋಗಿಗಳನ್ನೇ ನೋಡ್ತಿದ್ದವನು. ಊರೂರು ಸುತ್ತಿ ಜಾತ್ರೆಯಲ್ಲಿ ಕೊಯ್ದು ಮಾರನೇ ದಿನ ಗಾಡಿ ಕಟ್ಟೋ ಜನ ಯುರೋಪಿನ ತುಂಬ ಇದ್ದ ಕಾಲ ಅದು. ಪೀಪ್ಸ್ ಮಾತ್ರ ಅದೇ ಊರಲ್ಲಿ ನೆಲೆ ನಿಂತು, ವರ್ಷವರ್ಷವೂ ಅದೇ ಕೆಲಸ ಮಾಡ್ತಿದ್ದವನ ಹತ್ತಿರ ಹೋದ. 1658ರ ಮಾರ್ಚ್ 26ರಂದು ನೆಂಟರ ಮನೆಯೊಂದರಲ್ಲಿ ಆಪರೇಷನ್ ಆಯ್ತು. ಟೆನಿಸ್ ಚೆಂಡಿನಷ್ಟು ದಪ್ಪದ ಕಲ್ಲು ಬಂತು. ಪೀಪ್ಸ್ ಅದಕ್ಕೊಂದು ಪೆಟ್ಟಿಗೆ ಮಾಡಿಸಿ ಇಟ್ಟುಕೊಂಡ. ಪ್ರತಿವರ್ಷ ಆ ದಿನ ನೆನೆದು ಊಟ ಹಾಕಿಸೋದು ಅವನಿಗೆ ಹುಟ್ಟುಹಬ್ಬಕ್ಕಿಂತ ದೊಡ್ಡದಾಗಿತ್ತು. ಇನ್ನೂ 45 ವರ್ಷ ಬದುಕಿದ.

ಇಲ್ಲೀವರೆಗೂ ಆಯ್ಕೆ ಅಂದ್ರೆ ಹೆಸರು ಕೇಳಿ ಹೋಗೋದು ಅಷ್ಟೇ. ಲೆಕ್ಕ ಹಾಕಿ ಆರಿಸಿಕೊಂಡವನ ಕಥೆ ಮುಂದೆ ಬರುತ್ತೆ. ಅದರ ಕೊನೆ ಬೇರೆ.

1697ರಲ್ಲಿ ಪ್ಯಾರಿಸ್ಸಿಗೆ ಜಾಕ್ ಡ ಬೊಲ್ಯು ಅನ್ನೋನು ಬಂದ. ಸನ್ಯಾಸಿಯ ಥರ ನಿಲುವಂಗಿ ಹಾಕ್ತಿದ್ದ, ಜನ ‘ಬ್ರದರ್ ಜಾಕ್’ ಅಂತ ಕರೀತಿದ್ರು. ಓದು ಬರಹ ಅಷ್ಟಕ್ಕಷ್ಟೇ. ಕಲ್ಲು ತೆಗೆಯೋ ಕೆಲಸವನ್ನ ಒಬ್ಬ ಸಂಚಾರಿ ವೈದ್ಯನ ಹಿಂದೆ ಸುತ್ತಿ ಕಲಿತವನು. ದುಡ್ಡಿಗೆ ಆಸೆಪಡ್ತಿರಲಿಲ್ಲ, ಜೋಡು ಹೊಲಿಸೋಕೆ, ಚಾಕು ಸಾಣೆ ಹಿಡಿಸೋಕೆ ಆಗುವಷ್ಟು ಕಾಸು ಸಾಕು ಅನ್ನೋನು. ಇಂಥವನನ್ನ ಜನ ನಂಬದೇ ಇರ್ತಾರಾ? ಅರಮನೆಯವರ ಎದುರು ಒಂದು ಆಪರೇಷನ್ ಮಾಡಿ ತೋರಿಸಿದ, ಸಲೀಸಾಗಿ ಆಯ್ತು, ಹೆಸರು ಬಂತು. ಮರುವರ್ಷ ಪ್ಯಾರಿಸ್ಸಿನ ಎರಡು ದೊಡ್ಡ ಆಸ್ಪತ್ರೆಗಳಲ್ಲಿ 60 ಜನರನ್ನ ಕೊಯ್ದ. 25 ಜನ ಸತ್ತರು. ಚೆನ್ನಾಗಿ ಗುಣವಾದವರು 13 ಜನ. ಹೆಣ ಕೊಯ್ದು ನೋಡಿದರೆ ಚಾಕು ಕಂಡಕಂಡಲ್ಲಿ ಹೋಗಿತ್ತು. ಅವನ ಕೈ ಚುರುಕಾಗಿತ್ತು, ಆದರೆ ಚರ್ಮದ ಕೆಳಗೆ ಏನಿದೆ ಅಂತ ಗೊತ್ತಿರಲಿಲ್ಲ.

ಬ್ರದರ್ ಜಾಕ್ ಪ್ಯಾರಿಸ್ ಬಿಟ್ಟ. ಆದರೆ ಕಸುಬು ಬಿಡಲಿಲ್ಲ, ಅಂಗರಚನೆ ಕಲಿತ, ಚಾಕುವಿಗೆ ದಾರಿ ತೋರಿಸೋ ಗಾಡಿಯ ಸಲಾಕೆ ಬಳಸೋದನ್ನ ರೂಢಿಸಿಕೊಂಡ, ನಿಜಕ್ಕೂ ಪಳಗಿದ. ಆಗ ಫ್ರಾನ್ಸಿನ ಮಾರ್ಷಲ್ ಡ ಲೋರ್ಜ್ ಅನ್ನೋ ದೊಡ್ಡ ಸೇನಾಪತಿಗೆ ಕಲ್ಲಿನ ಕಾಟ ಶುರುವಾಯ್ತು. ಬುದ್ಧಿವಂತ ಮನುಷ್ಯ. ಹೆಸರು ಕೇಳಿ ಒಪ್ಪಲಿಲ್ಲ, ಪರೀಕ್ಷೆ ಮಾಡಿಯೇ ಒಪ್ಪೋದು ಅಂದ. ಕಲ್ಲಿನ ರೋಗ ಇದ್ದ 22 ಜನ ಬಡವರನ್ನ ತನ್ನ ಮನೆಗೆ ಕರೆಸಿ, ಬ್ರದರ್ ಜಾಕ್‌ನಿಂದ ಅವರಿಗೆಲ್ಲ ಆಪರೇಷನ್ ಮಾಡಿಸಿದನಂತೆ. 22ಕ್ಕೆ 22 ಜನವೂ ಬದುಕಿದರು. ಇನ್ನೇನು ಬೇಕು? ಮಾರ್ಷಲ್ ಮೇಜು ಹತ್ತಿದ. 1702ರ ಅಕ್ಟೋಬರಿನಲ್ಲಿ, ಆ ಆಪರೇಷನ್ನಿನಿಂದಲೇ ಸತ್ತ.

ನಮ್ಮ ಕಸುಬಿನವರಿಗೆ ಈ ಕಥೆ ಕೇಳಿದ ತಕ್ಷಣ ಹೊಟ್ಟೆಯೊಳಗೆ ಏನೋ ಆಗುತ್ತೆ. ಸ್ಟೇಜಿಂಗ್‌ನಲ್ಲಿ ಎಲ್ಲ ಟೆಸ್ಟ್ ಪಾಸು, ಪ್ರೊಡಕ್ಷನ್ನಿಗೆ ಹೋದ ಕೂಡಲೇ ಮಕಾಡೆ. ಟೆಸ್ಟ್ ಡೇಟಾ ಯಾವುದು ಅಂತ ಆಗ ಕೇಳ್ತೀವಿ. ಮಾರ್ಷಲ್‌ಗೆ ಎಪ್ಪತ್ತು ದಾಟಿತ್ತು. ಮೂತ್ರಕೋಶದ ಕಲ್ಲು ಆ ಕಾಲದಲ್ಲಿ ಬಡವರ ಮಕ್ಕಳಿಗೇ ಜಾಸ್ತಿ ಬರ್ತಿದ್ದ ಕಾಯಿಲೆ. ಆ 22 ಜನರಲ್ಲಿ ಎಪ್ಪತ್ತು ದಾಟಿದವರು ಎಷ್ಟಿದ್ದಿರಬಹುದು? (ಆ ಬಡವರನ್ನ ಯಾರಾದರೂ ಒಪ್ಪಿಗೆ ಕೇಳಿದರೋ ಇಲ್ಲವೋ, ಅದು ಬೇರೆಯೇ ಲೇಖನ.)

ಈ ಪ್ರಶ್ನೆಗೆ ಉತ್ತರ ಬರೆದಿಟ್ಟವನು ಲಂಡನ್ನಿನ ವಿಲಿಯಂ ಚೆಸೆಲ್ಡನ್. ಮೊದಲು ಬೇರೆ ದಾರಿಯಲ್ಲಿ ಕೊಯ್ಯೋಕೆ ಹೋಗಿ, ಅದು ಸರಿಬರದೆ ಬಿಟ್ಟು, 1727ರಿಂದ ಪಕ್ಕದಿಂದ ಕೊಯ್ಯೋ ವಿಧಾನ ಹಿಡಿದ. ಒಂದು ನಿಮಿಷದೊಳಗೆ ಕಲ್ಲು ಆಚೆ ತೆಗೀತಿದ್ದ ಅಂತ ಎಲ್ಲರೂ ಹೊಗಳ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಅವನ ಪಟ್ಟಿ. ಆಸ್ಪತ್ರೆಯಲ್ಲಿ ತಾನು ಕೊಯ್ದ 213 ಜನರಲ್ಲಿ 20 ಜನ ಸತ್ತರು ಅಂತ ತಾನೇ ಅಚ್ಚು ಹಾಕಿಸಿದ. ಅಷ್ಟಕ್ಕೇ ನಿಲ್ಲಿಸದೆ ವಯಸ್ಸಿನ ಪ್ರಕಾರ ಒಡೆದು ತೋರಿಸಿದ. ಹತ್ತು ವರ್ಷದೊಳಗಿನ ಮಕ್ಕಳು 105, ಸತ್ತದ್ದು 3. ಹತ್ತರಿಂದ ಇಪ್ಪತ್ತರವರೆಗೆ 62, ಸತ್ತದ್ದು 4. ಐವತ್ತರ ಮೇಲಿನವರು ಎಲ್ಲ ಸೇರಿ 14, ಸತ್ತದ್ದು 6. ಅದೇ ಚಾಕು, ಅದೇ ಕೈ. ಹುಡುಗನಿಗೆ ನೂರಕ್ಕೆ ಮೂರು ಇದ್ದ ಅಪಾಯ ಅವನ ತಾತನಿಗೆ ನೂರಕ್ಕೆ ನಲವತ್ತರ ಮೇಲೆ. ಮಾರ್ಷಲ್ ಬದುಕಿದ್ದಾಗ ಈ ಪಟ್ಟಿ ಇದ್ದಿದ್ದರೆ ಅವನು ಏನು ಮಾಡ್ತಿದ್ದನೋ.

ಚಾಕುವಿಗೆ ಹೆದರಿದವರಿಗೂ ಆ ಕಾಲದಲ್ಲಿ ದಾರಿ ಇತ್ತು. ಜೊವಾನಾ ಸ್ಟೀಫನ್ಸ್ ಅನ್ನೋ ಹೆಂಗಸು ಕಲ್ಲು ಕರಗಿಸೋ ಔಷಧಿ ನನ್ನ ಹತ್ತಿರ ಇದೆ ಅಂದಳು. ಗುಟ್ಟು ಬಿಟ್ಟುಕೊಡೋಕೆ ಅವಳು ಕೇಳಿದ ಬೆಲೆ 5,000 ಪೌಂಡು, ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡಿ ಅಷ್ಟೂ ಕೊಟ್ಟಿತು. 1739ರಲ್ಲಿ ಗುಟ್ಟು ಹೊರಬಿತ್ತು: ಸುಟ್ಟ ಮೊಟ್ಟೆಚಿಪ್ಪು, ಬಸವನಹುಳು, ಸೋಪು, ಒಂದಷ್ಟು ಸೊಪ್ಪುಸದೆ. ಅವಳ ಪರವಾಗಿ ಊರೆಲ್ಲ ಓಡಾಡಿದ್ದ ಡೇವಿಡ್ ಹಾರ್ಟ್ಲಿ ಸಾಮಾನ್ಯನಲ್ಲ, ದೊಡ್ಡ ತತ್ವಜ್ಞಾನಿ. ತಾನೂ ಕಲ್ಲಿನ ರೋಗಿಯಾಗಿ ವರ್ಷಗಟ್ಟಲೆ ಸೋಪು ನುಂಗಿದ, 1757ರಲ್ಲಿ ಆ ಕಲ್ಲಿನ ರೋಗದಿಂದಲೇ ಸತ್ತ.

ನಗೋದು ಸುಲಭ. ನಮ್ಮೂರಲ್ಲಿ ಬಾಳೆದಿಂಡಿನ ರಸ ಕೊಡೋರಿದ್ದಾರೆ, ಹುರುಳಿಕಟ್ಟು ಕುಡಿ ಅನ್ನೋರಿದ್ದಾರೆ, ಅವರ ಮನೆ ಮುಂದೆ ಬೆಂಗಳೂರಿನ ಕಾರುಗಳು ನಿಂತಿರೋದನ್ನ ನಾನೇ ನೋಡಿದೀನಿ. ಕಿಡ್ನಿಯಿಂದ ಇಳಿಯೋ ಐದು ಮಿಲಿಮೀಟರಿನ ಒಳಗಿನ ಕಲ್ಲುಗಳಲ್ಲಿ ಹೆಚ್ಚಿನವು ನೀರು ಕುಡಿದರೆ ತಾವಾಗೇ ಹೋಗುತ್ತವೆ. ಆ ವಾರ ನೀವು ಯಾರ ಹತ್ತಿರ ಹೋಗಿದ್ದಿರೋ ಅವರಿಗೆ ಕೀರ್ತಿ. ಹೋಗದೇ ಒಳಗೆ ಸಿಕ್ಕಿಕೊಂಡ ಕಲ್ಲು, ಊದಿಕೊಂಡ ಕಿಡ್ನಿ ಇವೆಲ್ಲ ಔಷಧಿ ಕೊಟ್ಟವನ ಲೆಕ್ಕಕ್ಕೆ ಬರೋದಿಲ್ಲ, ಆ ರೋಗಿ ಬೇರೆ ಕಡೆ ಹೋಗಿರ್ತಾನೆ.

ನಿಜವಾದ ಜಗಳ ಎದ್ದದ್ದು ಪ್ಯಾರಿಸ್ಸಿನಲ್ಲಿ. ಜಾನ್ ಸಿವಿಯಾಲ್ ಅನ್ನೋ ವೈದ್ಯ 1824ರಲ್ಲಿ ಕೊಯ್ಯದೇ ಕಲ್ಲು ತೆಗೆದು ತೋರಿಸಿದ. ಮೂತ್ರ ಬರೋ ದಾರಿಯಿಂದಲೇ ಒಂದು ಉಪಕರಣ ಇಳಿಸಿ, ಮೂತ್ರಕೋಶದ ಒಳಗೇ ಕಲ್ಲನ್ನ ಹಿಡಿದು ಪುಡಿ ಮಾಡೋದು. ಚಾಕು ಹಿಡಿದವರು ಸುಮ್ಮನೆ ಒಪ್ಪಲಿಲ್ಲ. ಸಿವಿಯಾಲ್ ವಾದ ಮಾಡೋದು ಬಿಟ್ಟು ಲೆಕ್ಕ ಕೂಡಿಸಿದ. ಯುರೋಪಿನ ಬೇರೆಬೇರೆ ಕಡೆಯಿಂದ ಐದು ಸಾವಿರಕ್ಕೂ ಹೆಚ್ಚು ಲಿಥಾಟಮಿಗಳ ಫಲಿತಾಂಶ ತರಿಸಿದ, ನೂರಕ್ಕೆ 21ಕ್ಕೂ ಹೆಚ್ಚು ಜನ ಸತ್ತಿದ್ದರು. ತನ್ನ ವಿಧಾನದಲ್ಲಿ ನೂರಕ್ಕೆ ಎರಡು ಚಿಲ್ಲರೆ. 1835ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಇದನ್ನ ಪರಿಶೀಲಿಸೋಕೆ ಸಮಿತಿ ಮಾಡಿತು. ಅದರಲ್ಲಿ ಯಾರಿದ್ದರು ಗೊತ್ತಾ? ಸಂಭವನೀಯತೆ ಓದಿದ ಯಾರಿಗೂ ಮರೆಯದ ಹೆಸರು, ಪ್ವಾಸೋಂ. ಇಂಜಿನಿಯರಿಂಗಿನ ಎಂ-4 ಪೇಪರಿನಲ್ಲಿ ನಮ್ಮನ್ನ ಗೋಳುಹೊಯ್ದುಕೊಂಡ ಪಾಯ್ಸನ್ ಡಿಸ್ಟ್ರಿಬ್ಯೂಷನ್ನಿನ ಅದೇ ಪ್ವಾಸೋಂ.

ಸಮಿತಿ ಹೇಳಿದ್ದರ ಸಾರಾಂಶ ಇಷ್ಟು. ಅಂಕಿಅಂಶದಲ್ಲಿ ಮನುಷ್ಯನ ಮೈಮೇಲಿರೋದನ್ನೆಲ್ಲ ಬಿಚ್ಚಿ ಅವನನ್ನ ಬರೀ ಒಂದು ಎಣಿಕೆ ಮಾಡ್ತೀರಿ, ವೈದ್ಯನ ಮುಂದೆ ಕೂತಿರೋದು ಎಣಿಕೆ ಅಲ್ಲ, ಒಬ್ಬ ನಿರ್ದಿಷ್ಟ ಮನುಷ್ಯ. ಮೊದಲು ಓದಿದಾಗ ಇವರು ಹಳೇ ಕಾಲದ ಜನ, ಡೇಟಾ ಅರ್ಥವಾಗಲಿಲ್ಲ ಅನ್ನಿಸುತ್ತೆ. ಚೆಸೆಲ್ಡನ್ ಪಟ್ಟಿ ಪಕ್ಕದಲ್ಲಿಟ್ಟು ಓದಿದರೆ ಹಾಗನ್ನಿಸಲ್ಲ. ಸಣ್ಣ, ಮೆತ್ತನೆ ಕಲ್ಲಿನವರನ್ನೆಲ್ಲ ಪುಡಿ ಮಾಡೋಕೆ ಇಟ್ಟುಕೊಂಡು, ದೊಡ್ಡ ಕಲ್ಲಿನವರನ್ನ ಚಾಕುವಿಗೆ ಕಳಿಸಿದರೆ ಎರಡರ ಲೆಕ್ಕ ಹೋಲಿಸೋದು ಹೇಗೆ? ಹಾಗಂತ ಲೆಕ್ಕವನ್ನೇ ಬಿಸಾಕಿದರೆ ಉಳಿಯೋದು ಬ್ರದರ್ ಜಾಕ್‌ನ ನಿಲುವಂಗಿ ಮಾತ್ರ. ನಾನು ಸಿವಿಯಾಲ್ ಕಡೆ. ಆದರೆ ಪ್ವಾಸೋಂ ಕೇಳಿದ್ದನ್ನ ಜೇಬಲ್ಲಿಟ್ಟುಕೊಂಡು.

ಸಿವಿಯಾಲ್ ಬಳಿ ಕಲಿತವನು ಇಂಗ್ಲೆಂಡಿನ ಹೆನ್ರಿ ಥಾಂಪ್ಸನ್. 1863ರಲ್ಲಿ ಬೆಲ್ಜಿಯಂನ ದೊರೆ ಒಂದನೇ ಲಿಯೊಪೋಲ್ಡ್‌ನ ಕಲ್ಲು ಪುಡಿ ಮಾಡಿ ಗೆದ್ದ. ಅದಕ್ಕೆ ಮುಂಚೆ ಸ್ವತಃ ಸಿವಿಯಾಲ್‌ಗೇ ಆ ಕೆಲಸ ಆಗಿರಲಿಲ್ಲ. ಹತ್ತು ವರ್ಷದ ನಂತರ, 1873ರ ಜನವರಿಯಲ್ಲಿ, ಪದಚ್ಯುತನಾಗಿ ಇಂಗ್ಲೆಂಡಿನಲ್ಲಿದ್ದ ಮೂರನೇ ನೆಪೋಲಿಯನ್ ಅದೇ ಥಾಂಪ್ಸನ್‌ನನ್ನ ಕರೆಸಿಕೊಂಡ. ಎರಡು ಸಲ ಪುಡಿ ಮಾಡಿದರು, ಮೂರನೆಯದಕ್ಕೆ ಸಿದ್ಧತೆ ನಡೆದಿತ್ತು, 9ನೇ ತಾರೀಕು ಚಕ್ರವರ್ತಿ ತೀರಿಕೊಂಡ. ಅವತ್ತಿಗೆ ಇದ್ದವರಲ್ಲಿ ಅತ್ಯುತ್ತಮನನ್ನೇ ಆರಿಸಿಕೊಂಡಿದ್ದ, ತಪ್ಪು ಆಯ್ಕೆ ಅನ್ನೋ ಹಾಗಿಲ್ಲ.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. 1890ರಲ್ಲಿ ಪ್ಯಾರಿಸ್ಸಿನ ಫೆಲಿಕ್ಸ್ ಗುಯೋನ್ ಮೂತ್ರರೋಗಗಳಿಗೇ ಮೀಸಲಾದ ಪ್ರಾಧ್ಯಾಪಕನಾದ, ಯೂರಾಲಜಿ ಬೇರೆಯೇ ವಿಭಾಗವಾಯ್ತು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ, ವಿಮಾನ ಕಂಪನಿ ಡಾರ್ನಿಯರ್ ಮಾಡಿದ ಯಂತ್ರದಿಂದ, ಮೈ ಮುಟ್ಟದೇ ಹೊರಗಿನಿಂದಲೇ ಆಘಾತ ತರಂಗ ಕಳಿಸಿ ಕಿಡ್ನಿ ಕಲ್ಲು ಒಡೆದರು. ಈಗ ಲೇಸರ್ ಇದೆ, ಬೆನ್ನಿನಲ್ಲಿ ಸಣ್ಣ ತೂತು ಮಾಡಿ ತೆಗೆಯೋ ಪಿಸಿಎನ್‌ಎಲ್ ಇದೆ. ಕಲ್ಲಿನ ಆಪರೇಷನ್ನಿನಲ್ಲಿ ಸಾಯೋದು ಅಪರೂಪ. ಹಾಗಾಗಿ ಎಷ್ಟು ಜನ ಸತ್ತರು ಅನ್ನೋ ಹಳೇ ಪ್ರಶ್ನೆ ಈಗ ವೇಷ ಬದಲಿಸಿದೆ. ಒಂದೇ ಸಲಕ್ಕೆ ಪೂರ್ತಿ ಹೋಗುತ್ತಾ, ಎರಡನೇ ಸಲ ಬೇಕಾಗೋದು ಎಷ್ಟು ಜನಕ್ಕೆ, ನನ್ನ ಶುಗರ್ರಿಗೆ ಏನು ಅಪಾಯ?

ಎರಡು ವರ್ಷದ ಹಿಂದೆ ಅಪ್ಪನಿಗೆ 14 ಮಿಲಿಮೀಟರಿನ ಕಲ್ಲು. ಅರವತ್ತಾರು ವಯಸ್ಸು, ಶುಗರ್ ಇದೆ. ಮೊದಲು ಬೆಂಗಳೂರಿನ ಒಂದು ಹೊಳೆಯೋ ಜಾಗಕ್ಕೆ ಹೋದ್ವಿ, ಹೆಸರು ಬೇಡ. ಡಾಕ್ಟರಿಗಿಂತ ಮುಂಚೆ ಪ್ಯಾಕೇಜ್ ಹೇಳೋ ಹುಡುಗಿ ಸಿಕ್ಕಿದಳು. ಸಕ್ಸೆಸ್ ರೇಟ್ ಎಷ್ಟು ಅಂದರೆ “ಹಂಡ್ರೆಡ್ ಪರ್ಸೆಂಟ್ ಸರ್” ಅಂದಳು. ನಾಳೆಯೇ ಅಡ್ಮಿಟ್ ಆಗಿ, ಆಫರ್ ಇದೆ. ಬ್ರದರ್ ಜಾಕ್‌ನದೂ 22ಕ್ಕೆ 22 ಇತ್ತಲ್ಲಮ್ಮಾ ಅಂತ ಬಾಯಿ ತುದಿವರೆಗೆ ಬಂದಿತ್ತು, ನುಂಗಿಕೊಂಡೆ.

ಆಮೇಲೆ ಹೋದದ್ದು ನಮ್ಮ ಜಿಲ್ಲಾ ಕೇಂದ್ರದಲ್ಲಿ ಇರೋ ಒಬ್ಬರ ಹತ್ತಿರ. ಎಂಬಿಬಿಎಸ್, ಎಂಎಸ್, ಅದರ ಮೇಲೆ ಯೂರಾಲಜಿಯಲ್ಲಿ ಎಂಸಿಎಚ್. ಬೋರ್ಡಿನಲ್ಲಿ ಎಂಸಿಎಚ್ ಅಥವಾ ಯೂರಾಲಜಿಯ ಡಿಎನ್‌ಬಿ ಇದೆಯಾ ಅಂತ ನೋಡಿಕೊಳ್ಳಿ, ಬರೀ ‘ಸ್ಟೋನ್ ಸ್ಪೆಷಲಿಸ್ಟ್’ ಅನ್ನೋದು ಡಿಗ್ರಿ ಅಲ್ಲ. ನೆಫ್ರಾಲಜಿಸ್ಟ್ ಅಂದ್ರೆ ಕಿಡ್ನಿಗೆ ಔಷಧಿ, ಡಯಾಲಿಸಿಸ್ ನೋಡೋರು. ಕೊಯ್ಯೋರು ಯೂರಾಲಜಿಸ್ಟ್. ದುಡ್ಡಿನ ಚಿಂತೆ ಇದ್ದವರಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ.

ಪ್ರಶ್ನೆ ಹೇಗೆ ಕೇಳೋದು, ಡಾಕ್ಟರಿಗೆ ಬೇಜಾರಾದರೆ ಅಂತ ನಾನು ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸ್ತಾ ಕೂತಿದ್ದೆ. ಅಷ್ಟರಲ್ಲಿ ಅಪ್ಪ ಟವೆಲ್ ಹೆಗಲ ಮೇಲೆ ಸರಿ ಮಾಡಿಕೊಂಡು ಕೇಳೇಬಿಟ್ಟರು, “ಸಾರ್, ಇಂಥವು ಎಷ್ಟು ತೆಗ್ದಿದೀರಾ ತಾವು?” ಸಂತೇಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದಷ್ಟೇ ಸಹಜವಾಗಿ.

ಡಾಕ್ಟರು ನಕ್ಕು ಕನ್ನಡಕ ತೆಗೆದರು. “ತಿಂಗಳಿಗೆ ಹತ್ತು ಹನ್ನೆರಡು ಮಾಡ್ತೀನಿ ಯಜಮಾನ್ರೇ. ಈ ಸೈಜಿಂದು ಒಂದೇ ಸಲಕ್ಕೆ ಹೋಗುತ್ತೆ ಅಂತ ಮಾತು ಕೊಡಲ್ಲ, ನನ್ನ ಹತ್ರ ಹತ್ತರಲ್ಲಿ ಒಬ್ರಿಬ್ರು ಮತ್ತೆ ಬರ್ತಾರೆ. ನಿಮಗೆ ಶುಗರ್ ಬೇರೆ ಇದೆ, ಯೂರಿನ್ ಕಲ್ಚರ್ ಕ್ಲೀನ್ ಬರೋವರೆಗೆ ನಾನು ಕೈ ಹಾಕಲ್ಲ. ಹದಿನೈದು ದಿನ ತಡ ಆದ್ರೂ ಪರವಾಗಿಲ್ಲ.”

ಹೊರಗೆ ಬಂದಮೇಲೆ ಅಪ್ಪ, “ಇವ್ರೇ ಮಾಡ್ಲಿ ಬುಡು” ಅಂದರು. ಹದಿನೆಂಟು ದಿನಕ್ಕೆ ಆಪರೇಷನ್ ಆಯ್ತು. ಒಂದು ಚೂರು ಉಳಿಯಿತು, ಅದು ನೀರಲ್ಲೇ ಹೋಯ್ತು. ಒಳಗೆ ಡಿಜೆ ಸ್ಟೆಂಟ್ ಅಂತ ಒಂದು ತೆಳ್ಳನೆ ಕೊಳವೆ ಇಟ್ಟು ಕಳಿಸಿದ್ದರು. ಇದನ್ನ ಸಾಮಾನ್ಯವಾಗಿ ಕೆಲವು ವಾರದಲ್ಲಿ ತೆಗೀಬೇಕು. ನೋವಿಲ್ಲ ಅಂತ ಮರೆತು ವರ್ಷಗಟ್ಟಲೆ ಬಿಟ್ಟವರಿಗೆ ಆ ಕೊಳವೆಯ ಮೇಲೇ ಕಲ್ಲು ಕಟ್ಟಿ ಇನ್ನೊಂದು ಆಪರೇಷನ್ ಆದದ್ದುಂಟು. ಆದ್ದರಿಂದ ಡಿಸ್ಚಾರ್ಜ್ ಆಗುವಾಗ ಸ್ಟೆಂಟ್ ಇದೆಯಾ, ಯಾವ ತಾರೀಕಿಗೆ ತೆಗೀತೀರಿ, ನಾವು ಬರದಿದ್ದರೆ ಯಾರು ಫೋನ್ ಮಾಡ್ತಾರೆ ಅಂತ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಅಪ್ಪನಿಗೆ ನರ್ಸಮ್ಮ ಮೂರನೇ ವಾರ ತಾವೇ ಫೋನ್ ಮಾಡಿದ್ದರು. ಅಪ್ಪ ತೋಟಕ್ಕೆ ನೀರು ಕಟ್ತಾ ಇದ್ದರಂತೆ, ಸೋಮವಾರ ಬತ್ತೀನಿ ಕಣವ್ವ ಅಂದಿದ್ದರು. ಸೋಮವಾರವೇ ಹೋದರು.